ನೆರಳಿನಲ್ಲಿ ಕಲಿಸಿದ ಮಟ್ಟ

ಗಲ್ಫಿನ ಈ ವಾದಿ ಕಬೀರಿನ ನಮ್ಮ ಬಾಡಿಗೆ ಮನೆಯ ಅಡುಗೆಕಟ್ಟೆಯ ಮೇಲೆ ಒಂದು ಚಮಚ ಎಣ್ಣೆ ಚೆಲ್ಲಿದರೆ ಸಾಕು, ಅದು ಯಾರನ್ನೂ ಕೇಳದೆ ನೇರವಾಗಿ ಉಪ್ಪಿನ ಡಬ್ಬಿಯ ಕಡೆಗೆ ಹೊರಡುತ್ತದೆ. ಕಟ್ಟೆ ಅಷ್ಟು ವಾಲಿದೆ. ನನ್ನ ಹೆಂಡತಿ ಒಲೆಯ ಎಡಗಾಲುಗಳ ಕೆಳಗೆ ಮಡಿಸಿದ ರಟ್ಟು ಕೊಟ್ಟು ಮೂರು ವರ್ಷವಾಯಿತು. ದೋಸೆ ಈಗ ದುಂಡಗೇ ಬರುತ್ತದೆ, ನಮ್ಮ ಮನೆ ವಾಲಿದೆ ಎನ್ನುವುದು ನಮಗೆ ಮರೆತೇಹೋಗಿದೆ. ರಜೆಗೆ ಬಂದಿದ್ದ ಅವಳ ತಂಗಿ ಮೊದಲ ದಿನವೇ, "ಇದೇನ್ರಿ ಮಾಮಾ, ಇಂಜಿನಿಯರ್ ಮನಿಯಾಗ ಕಟ್ಟಿ ಸೊಟ್ಟ?" ಎಂದು ನಕ್ಕಾಗ ನನಗೆ ನಿಜಕ್ಕೂ ಆಶ್ಚರ್ಯವಾಗಿತ್ತು. ದಿನವೂ ನೋಡುವ ಕಣ್ಣು ಎಷ್ಟು ಬೇಗ ರಾಜಿಯಾಗುತ್ತದೆ ನೋಡಿ. ಹೋದ ನವೆಂಬರಿನಿಂದ ನನ್ನನ್ನು ಕಾಡುತ್ತಿರುವ ಸಂಗತಿಯನ್ನು ನಿಮಗೆ ಹೇಳಬೇಕೆಂದರೆ ಇಂಥ ರಾಜಿಯಿಂದಲೇ ಶುರುಮಾಡಬೇಕು.

ನಾನು ಕೆಲಸ ಮಾಡುವ ವರ್ಕ್‌ಶಾಪು ಜನರೇಟರು, ಟ್ರೇಲರುಗಳನ್ನು ರಿಪೇರಿ ಮಾಡುವಂಥದು. ನಿಜ್ವಾ ಊರಿನ ಶಾಲಾಮಾಸ್ತರು ಸಲೀಮ್ ಎಂಬವರು ಅಮೆರಿಕದ ಹಳೆಯ ಫಿಫ್ತ್ ವೀಲ್ ಟ್ರೇಲರೊಂದನ್ನು ಕೊಂಡಿದ್ದರು. ಪಿಕಪ್ಪಿನ ಬೆನ್ನಿನ ಮೇಲೆ ಕತ್ತು ಊರಿಕೊಂಡು ಹಿಂದೆ ಬರುವ ಉದ್ದನೆಯ ಮನೆ ಅದು. ನಿಲ್ಲಿಸಿದ ಕಡೆ ಗುಂಡಿ ಒತ್ತಿದರೆ ನಾಲ್ಕು ಹೈಡ್ರಾಲಿಕ್ ಜಾಕ್‌ಗಳು ಕಾಲು ಚಾಚಿ, ನೆಲ ಹೇಗೇ ಇರಲಿ, ಮನೆಯನ್ನು ಮಟ್ಟವಾಗಿ ನಿಲ್ಲಿಸುತ್ತವೆ. ಸಲೀಮರು ಅದನ್ನು ಕೊಂಡದ್ದು ತಾಯಿಗಾಗಿ. ಆಕೆ ನಡೆಯಲಾರರು, ಗಾಲಿಕುರ್ಚಿಯಲ್ಲೇ ಇರುತ್ತಾರೆ. ಆದರೆ ಚಳಿಗಾಲ ಬಂತೆಂದರೆ ಮಕ್ಕಳು ಮೊಮ್ಮಕ್ಕಳೊಡನೆ ಮರಳಿನಲ್ಲಿ ಬಿಡಾರ ಹೂಡುವ ಆಸೆ ಅವರಿಗೆ ಹೋಗಿರಲಿಲ್ಲ.

ಜೂನಿನಲ್ಲಿ ಆ ಟ್ರೇಲರಿನ ಕಂಟ್ರೋಲ್ ಪ್ಯಾನೆಲ್ ಸುಟ್ಟು ನಮ್ಮ ಅಂಗಳಕ್ಕೆ ಬಂತು. ನಾನೂ ವಸಂತಣ್ಣನೂ ಹೊಸದನ್ನು ಹಾಕಿದೆವು. ವಸಂತಣ್ಣ ನಮ್ಮ ಹಿರಿಯ ಟೆಕ್ನೀಷಿಯನ್, ಉಡುಪಿ ಕಡೆಯವರು, ಇಲ್ಲಿಗೆ ಬಂದು ಇಪ್ಪತ್ತು ವರ್ಷ ದಾಟಿದೆ. ಹೊಸ ಪ್ಯಾನೆಲಿಗೆ ಮಟ್ಟ ಎಂದರೇನೆಂದು ಗೊತ್ತಿರುವುದಿಲ್ಲ. ಕೊಳವೆಯ ನಡುವೆ ಗುಳ್ಳೆ ನಿಂತರೆ ಮಟ್ಟ ಎಂದು ತೋರಿಸುವ ರಸಮಟ್ಟ ಇಟ್ಟು ಟ್ರೇಲರನ್ನು ಸರಿಯಾಗಿ ನಿಲ್ಲಿಸಿ, 'ಇದೇ ಮಟ್ಟ, ನೆನಪಿಟ್ಟುಕೋ' ಎನ್ನುವಂತೆ ಗುಂಡಿಯನ್ನು ಒಮ್ಮೆ ಒತ್ತಿ ಹಿಡಿಯಬೇಕು. ಆಮೇಲೆ ಅದು ಜನ್ಮಪೂರ್ತಿ ಆ ನೆನಪಿನ ಮೇಲೇ ನಡೆಯುತ್ತದೆ. ಅಂದೇ ಕೆಲಸ ಮುಗಿಸಿ ಟ್ರೇಲರನ್ನು ಕಳಿಸಿಕೊಟ್ಟೆವು. ಬೇಸಿಗೆಯಲ್ಲಿ ಇಲ್ಲಿ ಯಾರೂ ಬಿಡಾರ ಹೂಡುವುದಿಲ್ಲವಾದ್ದರಿಂದ ಐದು ತಿಂಗಳು ಅದು ಸಲೀಮರ ಮನೆಯ ಮುಂದೆ ಮುಂಗಾಲು ಮಾತ್ರ ಊರಿ, ಹಿಂಗಾಲು ಮಡಚಿಕೊಂಡೇ ನಿಂತಿತ್ತು.

ನವೆಂಬರಿನ ಮೊದಲ ಬಿಡಾರದಲ್ಲೇ ತಾಯಿಯ ಕುರ್ಚಿ ತನ್ನಷ್ಟಕ್ಕೆ ಉರುಳಿ ಹಿಂಬದಿಯ ಎಡಮೂಲೆಯ ಕಪಾಟಿಗೆ ಬಡಿಯಿತು. ನಡುವೆ ಅವರ ಬಲಗೈ ಸಿಕ್ಕಿಕೊಂಡಿತ್ತು. ಮೂಳೆ ಮುರಿದಿರಲಿಲ್ಲ, ಮಣಿಕಟ್ಟು ಊದಿ ನೀಲಿಗಟ್ಟಿತ್ತು.

ನಾವಿಬ್ಬರೂ ನಿಜ್ವಾಕ್ಕೆ ಓಡಿದೆವು. ಹಿಂದಿನ ಎಡಜಾಕ್ ಮೆಲ್ಲಗೆ ಇಳಿಯುತ್ತಿರಬೇಕು ಎಂದು ದಾರಿಯುದ್ದಕ್ಕೂ ನಾನು ವಾದಿಸಿದೆ. ವಾಲ್ವಿನಲ್ಲಿ ಕಸ ಕೂತರೆ ಎಣ್ಣೆ ಹಿಂದಕ್ಕೆ ಸೋರಿ ಕಾಲು ಕುಸಿಯುವುದುಂಟು. ಹಾಗೇ ಆಗಿರಲಿ ಎಂದು ನಾನು ಆಸೆಪಡುತ್ತಿದ್ದೆ ಎನ್ನುವುದು ಈಗ ತಿಳಿಯುತ್ತದೆ, ಕಸಕ್ಕೆ ಹೆಸರಿಲ್ಲವಲ್ಲ. ವಸಂತಣ್ಣ ಬ್ಯಾಟರಿ ಅಳೆದರು. ಟ್ರೇಲರಿನ ಕತ್ತನ್ನು ಪಿಕಪ್ಪಿನ ಮೇಲೆ ಊರಿಸಿ, ಕಾಲುಗಳನ್ನೆಲ್ಲ ಒಳಗೆ ಎಳೆಸಿ ಟ್ಯಾಂಕಿನ ಎಣ್ಣೆ ನೋಡಿದರು, ಚಾಚಿದಾಗ ನೋಡಿದರೆ ಎಣ್ಣೆ ಕಡಿಮೆ ಕಾಣಿಸಿ ಮೋಸಹೋಗುತ್ತೇವೆ. ಮತ್ತೆ ಚಾಚಿಸಿ ಪ್ರತಿ ಕಾಲಿನ ಮೇಲೂ ಸೀಮೆಸುಣ್ಣದ ಗೆರೆ ಎಳೆದರು. ಆ ಗೆರೆ ಅಲುಗುತ್ತದೆಯೋ ಎಂದು ಒಂದು ಗಂಟೆ ಕಾದೆವು. ಸಲೀಮರು ಖರ್ಜೂರ ಇಟ್ಟು ಕಹ್ವಾ ಕಾಫಿ ಬಗ್ಗಿಸುತ್ತಿದ್ದರು, ಅವರ ತಾಯಿ ಪಟ್ಟಿ ಕಟ್ಟಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ನಮ್ಮನ್ನೇ ನೋಡುತ್ತಿದ್ದರು. ಬೈದಿದ್ದರೆ ಹಗುರಾಗುತ್ತಿತ್ತು.

ಗೆರೆ ಕೂದಲೆಳೆಯಷ್ಟೂ ಕದಲಿರಲಿಲ್ಲ. ಮತ್ತೊಮ್ಮೆ ಗುಂಡಿ ಒತ್ತಿದೆವು. ಜಾಕ್‌ಗಳು ಗುಂಯ್‌ಗುಟ್ಟಿ ತಮ್ಮ ಕೆಲಸ ಮುಗಿಸಿದವು, ಮಟ್ಟವಾಯಿತೆಂದು ಹಸಿರು ದೀಪ ಹತ್ತಿತು. ವಸಂತಣ್ಣ ಟ್ರೇಲರಿನೊಳಗಿನ ನೆಲದ ಮೇಲೆ ರಸಮಟ್ಟ ಇಟ್ಟರು. ಗುಳ್ಳೆ ನಡುವಿಗೆ ಬರಲಿಲ್ಲ. ಮನೆ ಹಿಂದಿನ ಎಡಮೂಲೆಗೆ ವಾಲಿತ್ತು. ಇನ್ನೊಮ್ಮೆ ಮಾಡಿದರೂ ಅದೇ ವಾಲು, ಅದೇ ಹಸಿರು ದೀಪ.

"ಜಾಕ್ ಸರಿಯೇ ಉಂಟು ಪಾಟೀಲ್ರೇ," ಎಂದರು ವಸಂತಣ್ಣ, ಮೊಣಕಾಲಿನ ಮಣ್ಣು ಕೊಡವುತ್ತ. "ಇದಕ್ಕೆ ಪಾಠ ಹೇಳಿಕೊಟ್ಟದ್ದೇ ತಪ್ಪು."

ಯಾರು ಹೇಳಿಕೊಟ್ಟದ್ದು ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಸದ್ಯಕ್ಕೆ ಯಾರನ್ನೂ ಒಳಗೆ ಬಿಡಬೇಡಿ ಎಂದು ಸಲೀಮರಿಗೆ ಹೇಳಿ ಹೊರಟೆವು.

ಮರುದಿನ ಮ್ಯಾನೇಜರ್ ಸಾಹೇಬರು ನನ್ನೊಬ್ಬನನ್ನೇ ಕರೆದರು. ನಮ್ಮಲ್ಲಿ ಜಾಬ್ ಕಾರ್ಡಿಗೆ ಸಹಿ ಹಾಕುವುದು ಟೆಕ್ನೀಷಿಯನ್. ಇಂಜಿನಿಯರ್ ಪಕ್ಕದಲ್ಲೇ ನಿಂತಿದ್ದರೂ ಅವನ ಹೆಸರು ಅದರಲ್ಲಿ ಬರುವುದಿಲ್ಲ. "ವಸಂತ್ ಸಹಿ ಇದೆ," ಎಂದರು ಸಾಹೇಬರು ಹಿಂದಿಯಲ್ಲಿ. "ಅವನ ವೀಸಾ ಡಿಸೆಂಬರಿಗೆ ಮುಗಿಯುತ್ತದೆ, ಮುಂದುವರಿಸಬೇಕೋ ಬೇಡವೋ ಎಂದು ನಾನೂ ಯೋಚಿಸುತ್ತಿದ್ದೆ. ಒಂದು ರಿಪೋರ್ಟ್ ಬರೆದುಕೊಡಿ, ಖಲಾಸ್."

ವಸಂತಣ್ಣನ ಮಗಳು ಇಲ್ಲಿನ ಇಂಡಿಯನ್ ಸ್ಕೂಲಿನಲ್ಲಿ ಹನ್ನೆರಡನೆಯ ತರಗತಿ. ಮಾರ್ಚಿನಲ್ಲಿ ಬೋರ್ಡ್ ಪರೀಕ್ಷೆ. ಅಪ್ಪನ ವೀಸಾ ಹೋದರೆ ಮಗಳದೂ ಹೋಗುತ್ತದೆ. ಇದನ್ನು ಸಾಹೇಬರಿಗೆ ಹೇಳಬೇಕೆಂದು ಬಾಯಿ ತೆರೆದೆ. ನಾನು ಹೇಳಿದ್ದು, "ಆಯ್ತು ಸರ್."

ಆ ದಿನ ಮನೆಗೆ ಬಂದು ಎರಡು ಸಾವಿರದ ಎಂಟರ ನನ್ನ ದಿನಚರಿಯಲ್ಲಿ ಜೂನಿನ ಪುಟ ತೆಗೆದೆ. 'ಸಲೀಮರ ಟ್ರೇಲರ್. ಹೊಸ ಪ್ಯಾನೆಲ್. ರಸಮಟ್ಟ ನೋಡಿ ಗುಂಡಿ ಒತ್ತಿದೆವು. ಬಿಸಿಲು ವಿಪರೀತ.' ನನ್ನದೇ ಅಕ್ಷರ. ಕಾಲೇಜಿನ ದಿನಗಳಿಂದ ನಾನು ದಿನಚರಿ ಬರೆಯುವುದೇ ನನ್ನ ನೆನಪನ್ನು ನಾನು ನಂಬುವುದಿಲ್ಲವೆಂದು. ಆದರೆ ಬರೆದವನೂ ಅದೇ ನೆನಪಿನ ಮನುಷ್ಯನಲ್ಲವೆ? ಕೆಲಸ ಮುಗಿಸಿ, ಸ್ನಾನ ಮಾಡಿ, ಏಸಿ ಹಾಕಿಕೊಂಡು ಕೂತವನು ನಡೆದದ್ದನ್ನು ಬರೆಯುತ್ತಾನೋ, ನಡೆಯಬೇಕಾಗಿದ್ದನ್ನೋ? ಆ ಸಾಲನ್ನು ಓದಿದಷ್ಟೂ ವಸಂತಣ್ಣ ಮಂಡಿಯೂರಿ ರಸಮಟ್ಟ ಇಡುತ್ತಿರುವ ಚಿತ್ರ ಕಣ್ಣೆದುರು ಸ್ಪಷ್ಟವಾಗತೊಡಗಿತು. ಅವರೇ ತಪ್ಪಾಗಿ ನೋಡಿರಬೇಕು. ಚಿತ್ರ ಎಷ್ಟು ಸ್ಪಷ್ಟವಾಯಿತೆಂದರೆ ನನಗೆ ಹೆದರಿಕೆಯಾಯಿತು, ಏಕೆಂದರೆ ಅದರಲ್ಲಿ ಅವರ ಕೈಯಲ್ಲಿದ್ದದ್ದು ಹಳದಿ ರಸಮಟ್ಟ. ನಾವು ಹಳದಿಯದನ್ನು ಕೊಂಡದ್ದು ಅಕ್ಟೋಬರಿನಲ್ಲಿ.

ಎರಡು ದಿನ ರಿಪೋರ್ಟ್ ಬರೆಯಲಾಗಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ವರ್ಕ್‌ಶಾಪಿಗೆ ಹೋಗಿ ಅಂಗಳದಲ್ಲಿ ನಿಂತೆ. ಜೂನಿನಲ್ಲಿ ಟ್ರೇಲರ್ ಎಲ್ಲಿ ನಿಂತಿತ್ತು? ಇದನ್ನು ತಿಳಿಯಲು ನೆನಪು ಬೇಕಾಗಲಿಲ್ಲ, ಬಿಸಿಲು ಸಾಕಾಯಿತು. ನಮ್ಮ ಅಂಗಳದಲ್ಲಿ ಮಾಡು ಇರುವುದು ಒಂದೇ ಕಡೆ, ಗಾಡಿ ತೊಳೆಯುವ ಜಾಗದಲ್ಲಿ. ಜೂನಿನಲ್ಲಿ ಕೈಯಿಂದ ಇಟ್ಟ ಸ್ಪ್ಯಾನರ್ ಮತ್ತೆ ಹಿಡಿಯಲಾಗದಷ್ಟು ಕಾಯುವ ಈ ಊರಿನಲ್ಲಿ ನಾವೆಲ್ಲ ಎಲ್ಲ ಕೆಲಸವನ್ನೂ ಆ ನೆರಳಿಗೇ ಎಳೆದುಕೊಂಡು ಹೋಗುತ್ತೇವೆ. ಆ ಕಾಂಕ್ರೀಟು ನೋಡಲು ಹಲಗೆಯಂತೆ ಸಪಾಟು. ಆದರೆ ತೊಳೆದ ನೀರು ಹರಿದುಹೋಗಲೆಂದು ಅದನ್ನು ಒಂದು ಮೂಲೆಯ ಚರಂಡಿಗೆ ವಾಟ ಕೊಟ್ಟೇ ಕಟ್ಟಿದ್ದಾರೆ. ರಸಮಟ್ಟ ಇಟ್ಟು ನೋಡಿದೆ. ಮೂತಿ ಒಳಗಾಗಿ ನಿಂತ ಟ್ರೇಲರಿಗೆ ಚರಂಡಿ ಬೀಳುವುದು ಹಿಂದೆ, ಎಡಕ್ಕೆ. ನಿಜ್ವಾದಲ್ಲಿ ಗುಳ್ಳೆ ಎಷ್ಟು ಸರಿದಿತ್ತೋ ಇಲ್ಲೂ ಅಷ್ಟೇ ಸರಿಯಿತು. ಪಾಪದ ಯಂತ್ರ ನಾವು ಕಲಿಸಿದ್ದನ್ನು ಐದು ತಿಂಗಳು ಚಾಚೂ ತಪ್ಪದೆ ನೆನಪಿಟ್ಟುಕೊಂಡಿತ್ತು.

ಆಗ ಉಳಿದದ್ದೂ ಬಂತು. ರಸಮಟ್ಟ ಆಫೀಸಿನಲ್ಲಿತ್ತು. ನಡುವೆ ಉರಿಯುವ ಅಂಗಳ. "ತರ್ಬೇಕಾ ಪಾಟೀಲ್ರೇ?" ಎಂದು ವಸಂತಣ್ಣ ಕೇಳಿದ್ದು, "ಬ್ಯಾಡ ಬಿಡ್ರಿ, ನೆಲಾ ಸಪಾಟ್ ಐತಿ, ಒತ್ತಿಬಿಡ್ರಿ" ಎಂದು ನಾನು ಅಂದದ್ದು. ನನ್ನ ದನಿ ನನಗೆ ಕೇಳಿಸಿತು.

ಆ ಬಿಸಿಯಲ್ಲೇ ಕೂತು ರಿಪೋರ್ಟ್ ಬರೆದೆ. ಸಾಹೇಬರಿಗೆ ಕೊಡುವ ಮೊದಲು ವಸಂತಣ್ಣನಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿ, ಒಂದೊಂದೇ ಇಂಗ್ಲಿಷ್ ಪದಕ್ಕೆ ಬೆರಳಿಟ್ಟು ನಿಧಾನವಾಗಿ ಓದಿದರು. ಒಂದು ಕಡೆ ಬೆರಳು ನಿಂತಿತು.

"ಮೂರು ಸಲ ಎಚ್ಚರಿಸಿದ್ದು ಯಾರು ಮಾರಾಯ್ರೆ?"

"ನೀವಽ. ನಾನಽ ಕೇಳಲಿಲ್ಲ."

"ನಾನು ಕೇಳಿದ್ದು ಒಂದು ಸಲ. ನೀವು ಬೇಡ ಹೇಳಿದಿರಿ. ನನಗೂ ಆ ಬಿಸಿಲಲ್ಲಿ ಆಫೀಸಿಗೆ ಹೋಗ್ಲಿಕ್ಕೆ ಮನಸ್ಸಿರ್ಲಿಲ್ಲ. ಬಚಾವ್ ಅಂತ ಒತ್ತಿದೆ."

"ಇದನ್ನ ಬರದ್ರ ನಿಮಗ ತ್ರಾಸ ಆಕ್ಕತಿ ವಸಂತಣ್ಣ. ವೀಸಾದ್ದು..."

"ವೀಸಾ ನನ್ನದಲ್ವಾ? ಮೊನ್ನೆ ಮಗಳ ಹತ್ರ ಹೇಳಿದೆ, ಪರೀಕ್ಷೆಗೆ ಮೊದಲೇ ಊರಿಗೆ ಹೋಗ್ಬೇಕಾದೀತು ಅಂತ. 'ನೋ ವೇ ಪಪ್ಪಾ' ಅಂತ ಬಾಗಿಲು ಹಾಕ್ಕೊಂಡ್ಳು." ಅವರು ನಗಲು ನೋಡಿದರು. "ಹೆದರಿಕೆ ಇಲ್ಲ ಅಂತಲ್ಲ. ಆದ್ರೆ ನನ್ನನ್ನು ದೇವರು ಮಾಡ್ಲಿಕ್ಕೆ ಹೋಗ್ಬೇಡಿ. ನಾಳೆ ಯಾರಾದ್ರೂ ಕೇಳಿದ್ರೆ ಆ ಮೂರು ಸಲದ್ದು ನನಗೆ ನೆನಪಿರುದಿಲ್ಲ."

ನನ್ನ ಪೆನ್ನು ತೆಗೆದುಕೊಂಡು 'ಮೂರು' ಹೊಡೆದು 'ಒಂದು' ಎಂದು ಅವರೇ ತಿದ್ದಿದರು. ನಾಚಿಕೆಯಾಯಿತು. ದಿನಚರಿಯಲ್ಲಿ ನನ್ನ ಕಡೆಗೆ ವಾಲಿದ್ದ ನೆನಪು, ತಪ್ಪು ಒಪ್ಪಿಕೊಳ್ಳುವ ಉತ್ಸಾಹದಲ್ಲಿ ಇನ್ನೊಂದು ಕಡೆಗೆ ವಾಲಿತ್ತು, ಅಷ್ಟೆ. ಎರಡು ಸಲವೂ ಬರೆದವನಿಗೆ ತಾನು ಸತ್ಯವನ್ನೇ ಬರೆಯುತ್ತಿದ್ದೇನೆಂಬ ಹಸಿರು ದೀಪ ಹತ್ತಿಯೇ ಇತ್ತು.

ಸಾಹೇಬರು ರಿಪೋರ್ಟನ್ನು ಎರಡು ಬಾರಿ ಓದಿದರು. ಎರಡು ಹೆಸರುಗಳು ಅವರಿಗೆ ಅನಾನುಕೂಲವಾಗಿದ್ದವು. ಒಬ್ಬನನ್ನು ಕಳಿಸಿ ಇನ್ನೊಬ್ಬನನ್ನು ಇಟ್ಟುಕೊಳ್ಳಲು ಕಾರಣ ಹುಡುಕಬೇಕಾಗುತ್ತಿತ್ತು. "ಇಬ್ಬರೂ ಶುಕ್ರವಾರ ನಿಜ್ವಾಕ್ಕೆ ಹೋಗಿ," ಎಂದರು ಕೊನೆಗೆ. "ಸಲೀಮ್ ತಾನೇ ಫೋನ್ ಮಾಡಿ ಸರಿಯಾಯಿತು ಎಂದರೆ ವೀಸಾದ ಕಾಗದಕ್ಕೆ ಸಹಿ ಹಾಕುತ್ತೇನೆ. ಇಲ್ಲವಾದರೆ ನನ್ನನ್ನು ಏನೂ ಕೇಳಬೇಡಿ."

ಶುಕ್ರವಾರ ವಸಂತಣ್ಣ ಟ್ರೇಲರಿನ ನೆಲದ ಮೇಲೆ ಉದ್ದಕ್ಕೂ ಅಡ್ಡಕ್ಕೂ ರಸಮಟ್ಟ ಇಟ್ಟು ಒಂದೊಂದೇ ಜಾಕನ್ನು ಕೈಯಿಂದ ಏರಿಸಿ ಇಳಿಸಿ ಗುಳ್ಳೆಯನ್ನು ನಡುವಿಗೆ ತಂದರು. ನಾನು ನೋಡಿದೆ. ಸಲೀಮರನ್ನೂ ಕರೆದು ನೋಡಿ ಎಂದೆ. ಆಮೇಲೆ ಗುಂಡಿಯನ್ನು ನಾನೇ ಒತ್ತಿ ಹಿಡಿದೆ. ಟ್ರೇಲರನ್ನು ಪಿಕಪ್ಪಿಗೆ ಕಟ್ಟಿ, ಕಾಲುಗಳನ್ನು ಮಡಚಿ, ಉಬ್ಬುತಗ್ಗಿನ ಬೇರೊಂದು ಜಾಗಕ್ಕೆ ಎಳೆದು, ಅದು ತಾನಾಗಿ ನಿಲ್ಲಲಿ ಎಂದು ಬಿಟ್ಟೆವು. ಹಸಿರು ದೀಪ ಹತ್ತಿತು. ಆ ದೀಪವನ್ನು ನಾನು ನೋಡಲಿಲ್ಲ, ಗುಳ್ಳೆಯನ್ನು ನೋಡಿದೆ. ನಡುವಿನಲ್ಲೇ ಇತ್ತು.

"ನನಗೆ ಗುಳ್ಳೆ ತಿಳಿಯುವುದಿಲ್ಲ," ಎಂದರು ಸಲೀಮರು ತಮ್ಮ ಹಿಂದಿಯಲ್ಲಿ. "ಅಮ್ಮ ಹೇಳಲಿ."

ತಾಯಿಯನ್ನು ಇಳಿಜಾರು ಹಲಗೆಯ ಮೇಲೆ ತಳ್ಳಿಕೊಂಡು ಬಂದು ಕೋಣೆಯ ನಡುವೆ ನಿಲ್ಲಿಸಿದರು. ಪಟ್ಟಿ ಕಟ್ಟದ ಎಡಗೈಯಿಂದ ಆಕೆ ಕುರ್ಚಿಯ ಬ್ರೇಕ್ ಹಿಡಿದಿದ್ದರು. ಮಗ ಅರಬ್ಬಿಯಲ್ಲಿ ಏನೋ ಹೇಳಿದರು. ಆಕೆ ಮಗನನ್ನಲ್ಲ, ನಮ್ಮಿಬ್ಬರನ್ನು ಒಬ್ಬರಾದ ಮೇಲೊಬ್ಬರಂತೆ ನೋಡಿದರು. ವಸಂತಣ್ಣ ಹಿಂದಿನ ಎಡಮೂಲೆಗೆ ಹೋಗಿ ಕಪಾಟಿಗೆ ಬೆನ್ನುಕೊಟ್ಟು, ಉರುಳಿ ಬಂದರೆ ಹಿಡಿಯಲೆಂದು ಎರಡೂ ಕೈ ಚಾಚಿ ಕೂತರು. ಆಕೆ ಬ್ರೇಕ್ ಬಿಟ್ಟರು.

ಕುರ್ಚಿ ಕದಲಲಿಲ್ಲ. ಎಷ್ಟು ಹೊತ್ತು ಎಂದು ಕೇಳಬೇಡಿ, ಅದನ್ನು ಹೇಳುವ ಧೈರ್ಯ ನನಗಿಲ್ಲ. ಆಕೆ ಮಗನ ಕಡೆ ತಿರುಗಿ ಒಂದು ಮಾತು ಹೇಳಿದರು, ಸಲೀಮರು ಜೇಬಿನಿಂದ ಫೋನ್ ತೆಗೆದು ನಮ್ಮ ಸಾಹೇಬರ ನಂಬರು ಒತ್ತಿದರು. ವಸಂತಣ್ಣ ಮಾತ್ರ ಆ ಫೋನಿನ ಮಾತು ಮುಗಿಯುವವರೆಗೂ ಮೂಲೆಯಲ್ಲಿ ಕೈ ಚಾಚಿಕೊಂಡೇ ಕೂತಿದ್ದರು.