“ಕೇಳಿ ಹೇಳ್ತೇನೆ” ಎಂದ ನಲವತ್ತು ನಿಮಿಷ

2008ರ ಆಗಸ್ಟ್ ತಿಂಗಳು. ಕುವೈತ್‌ನ ಒಂದು ಗುತ್ತಿಗೆ ಕಂಪನಿಯಲ್ಲಿ ನಾನು ಮ್ಯಾನೇಜರರ ಸೆಕ್ರೆಟರಿಯಾಗಿದ್ದೆ. ಬೆಳಿಗ್ಗೆ ಹತ್ತೂವರೆಗೆ ಜಹ್ರಾದ ಸೈಟಿನಿಂದ ಫೋರ್‌ಮನ್ ಶಾಫಿಯ ಫೋನ್ ಬಂತು. ಆತ ಪುತ್ತೂರಿನ ಕಡೆಯ ಬ್ಯಾರಿ, ನನ್ನ ಜೊತೆ ಕನ್ನಡದಲ್ಲೇ ಮಾತಾಡುತ್ತಿದ್ದ.

“ಲವೀನಕ್ಕ, ವೆಲ್ಡರ್ ರಾಮ್‌ಚಂದರ್ ಬಿದ್ದಿದ್ದಾನೆ. ಮೈ ಕೆಂಡದ ಹಾಗೆ ಸುಡ್ತಾ ಉಂಟು, ಬೆವರೇ ಇಲ್ಲ. ಏನೇನೋ ಬಡಬಡಿಸ್ತಾನೆ. ಆಂಬುಲೆನ್ಸ್ ಕರೀಲಾ?”

ಕೇಳಲು ಕಾರಣವಿತ್ತು. ಹಿಂದೆ ಒಬ್ಬ ಫೋರ್‌ಮನ್ ಆಫೀಸಿಗೆ ತಿಳಿಸದೆ ಆಂಬುಲೆನ್ಸ್ ಕರೆದಿದ್ದ. ಅದರ ಹಿಂದೆಯೇ ಪೊಲೀಸರೂ ಸೈಟಿಗೆ ಬಂದಿದ್ದರು. ಆ ಫೋರ್‌ಮನ್‌ನನ್ನು ಕೆಲಸದಿಂದ ತೆಗೆದು ಊರಿಗೆ ಕಳಿಸಿದ ಮೇಲೆ, ಆಫೀಸಿನ ಒಪ್ಪಿಗೆಯಿಲ್ಲದೆ ಯಾರೂ ಕರೆಯಬಾರದೆಂಬ ನಿಯಮ ಬಂದಿತ್ತು.

“ಕೇಳಿ ಹೇಳ್ತೇನೆ” ಎಂದು ಓಡಿದೆ. ಮೀಟಿಂಗಿನಲ್ಲಿದ್ದ ಮ್ಯಾನೇಜರ್ ತಲೆಯೆತ್ತದೆ, ಸೇಫ್ಟಿ ಆಫೀಸರನ್ನು ಕೇಳು ಅಂದರು. ಅವರು ರಜೆಯಲ್ಲಿದ್ದರು. ಅವರ ಕೆಲಸ ನೋಡಿಕೊಳ್ಳುತ್ತಿದ್ದ ಸಿಬ್ಬಂದಿ ವಿಭಾಗದವರು ಮೊದಲು ಫೈಲ್ ತೆಗೆದರು. ರಾಮ್‌ಚಂದರನ ಇಕಾಮಾ, ಅಂದರೆ ಆ ದೇಶದಲ್ಲಿರಲು ಬೇಕಾದ ಪರವಾನಗಿ, ಅವಧಿ ಮುಗಿದಿತ್ತು. ಕಂಪನಿಯೇ ಅದನ್ನು ನವೀಕರಿಸಿರಲಿಲ್ಲ. ಆಸ್ಪತ್ರೆಯಲ್ಲಿ ಗೊತ್ತಾದರೆ ಕಷ್ಟ, ಸರ್ಕಾರಿ ಕಚೇರಿಗಳ ಓಡಾಟ ನೋಡಿಕೊಳ್ಳುವವನನ್ನು ಕೇಳೋಣ ಅಂದರು. ಅವನು ಫೋನ್ ಎತ್ತಲಿಲ್ಲ.

ಶಾಫಿ ಮತ್ತೆ ಎರಡು ಸಲ ಫೋನ್ ಮಾಡಿದ. ಸೈಟಿನವರೆಲ್ಲ ಸೇರಿ ರಾಮ್‌ಚಂದರನ ಮೈಮೇಲೆ ನೀರು ಸುರಿದು, ರಟ್ಟಿನಿಂದ ಗಾಳಿ ಹಾಕುತ್ತಿದ್ದರಂತೆ. ಎರಡು ಸಲವೂ ನಾನು, “ಐದು ನಿಮಿಷ ಶಾಫಿ, ಕೇಳ್ತಾ ಇದ್ದೇನೆ” ಅಂದೆ.

ಕೊನೆಗೆ ಅವನೇ ಹೇಳಿದ: “ಅಕ್ಕ, ಈಗ ಅವ ಮಾತೇ ಆಡುದಿಲ್ಲ. ಪಿಕಪ್‌ನಲ್ಲಿ ಹಾಕಿಕೊಂಡು ಹೋಗ್ತೇನೆ. ಕೆಲಸ ಹೋದ್ರೆ ಹೋಗ್ಲಿ.”

ಆಗ ಹನ್ನೊಂದು ಗಂಟೆ ಹತ್ತು ನಿಮಿಷ. ಆಸ್ಪತ್ರೆ ತಲುಪುವಷ್ಟರಲ್ಲಿ ರಾಮ್‌ಚಂದರ್ ತೀರಿಕೊಂಡಿದ್ದ. ಬಿಹಾರದ ಹಳ್ಳಿಯಲ್ಲಿದ್ದ ಅವನ ಹೆಂಡತಿಗೆ ಶಾಫಿಯೇ ಫೋನ್ ಮಾಡಿ ತಿಳಿಸಿದ. ಆಫೀಸಿನಲ್ಲಿ ಆ ಕೆಲಸಕ್ಕೆ ಯಾರೂ ಮುಂದೆ ಬರಲಿಲ್ಲ.

ಮುಂದಿನ ವಾರ ಮೀಟಿಂಗ್ ಆಯಿತು. ಎಲ್ಲರೂ ನಿಯಮದಂತೆಯೇ ನಡೆದಿದ್ದಾರೆ, ಯಾರದೂ ಲೋಪವಿಲ್ಲ ಎಂದು ತೀರ್ಮಾನಿಸಿದರು. ಒಪ್ಪಿಗೆಯಿಲ್ಲದೆ ರೋಗಿಯನ್ನು ಸಾಗಿಸಿದ್ದಕ್ಕೆ ಶಾಫಿಗೆ ಮಾತ್ರ ಎಚ್ಚರಿಕೆಯ ಪತ್ರ. ಅದನ್ನು ಟೈಪ್ ಮಾಡಿದವಳು ನಾನೇ. ಶಾಫಿ ಬಂದು ನನ್ನ ಮುಂದೆಯೇ ಸಹಿ ಹಾಕಿದ. “ಅವನಿಗೆ ಮೂರು ಮಕ್ಕಳಂತೆ” ಎಂದಷ್ಟೇ ಹೇಳಿ ಹೊರಟುಹೋದ.

ಈಗ ಮಂಗಳೂರಿನಲ್ಲಿದ್ದೇನೆ. “ನೀನೇನು ಮಾಡಲಿಕ್ಕಿತ್ತು? ನಿನ್ನ ಕೈಯಲ್ಲಿ ಏನಿತ್ತು?” ಎಂದು ಗಂಡ ಸಮಾಧಾನ ಹೇಳುತ್ತಾರೆ. ಇತ್ತು. ಒಂದೊಂದು ಕೋಣೆಗೂ ಓಡುತ್ತಿದ್ದಾಗ ನನ್ನ ಕೈಯಲ್ಲೇ ಮೊಬೈಲ್ ಇತ್ತು. ಆಂಬುಲೆನ್ಸ್ ನಂಬರ್ ನನಗೆ ಬಾಯಿಪಾಠವಾಗಿತ್ತು. ನಿಯಮವೊಂದು ಬಿಟ್ಟರೆ, ಕರೆಯಬೇಡ ಎಂದು ಆ ದಿನ ನನ್ನನ್ನು ಯಾರೂ ತಡೆದಿರಲಿಲ್ಲ.