ಒಂದೇ ಬೆಡಗಿನ ಸಂಖ್ಯೆಗಳು

ಅಂಕ ಕಡಿಮೆ ಬಿತ್ತೆಂದು ಜಗಳಕ್ಕೆ ಬಂದ ಪಾಲಕರನ್ನು ನನ್ನ ನೌಕರಿಯಲ್ಲಿ ಬೇಕಾದಷ್ಟು ಕಂಡಿದ್ದೇನೆ. ಹೆಚ್ಚು ಬಿತ್ತೆಂದು ಬಂದವರು ಒಬ್ಬರೇ.

ಹೊಂಬಳದ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ಗಣಿತದ ಮಾಸ್ತರ. ಬೆಟಗೇರಿಯಿಂದ ದಿನವೂ ಬಸ್ಸಿನಲ್ಲಿ ಹೋಗಿ ಬರುವವನು. ಮೊನ್ನೆಯ ಬೇಸಿಗೆಗೆ ಮುಂಚೆ, ಪೂರ್ವಸಿದ್ಧತಾ ಪರೀಕ್ಷೆಯ ಉತ್ತರಪತ್ರಿಕೆ ಹಂಚಿದ ಮರುದಿನ, ಶಾಲೆಯ ಅಂಗಳಕ್ಕೆ ಒಂದು ಟ್ರ್ಯಾಕ್ಟರ್ ಬಂದು ನಿಂತಿತು. ಅದರ ಮಡ್‌ಗಾರ್ಡಿನ ಮೇಲೆ, ಅಂಬಾರಿಯಲ್ಲಿರುವವರ ಗಾಂಭೀರ್ಯದಿಂದ, ಹತ್ತನೆಯ ತರಗತಿಯ ಹುಡುಗಿಯೊಬ್ಬಳ ಅಜ್ಜಿ ಕೂತಿದ್ದರು. ಮೊಮ್ಮಗಳು ಆಯಿ ಎನ್ನುತ್ತಿದ್ದಳು, ಆದಕಾರಣ ಊರೂ ಆಯಿ ಎನ್ನುತ್ತಿತ್ತು. ಜಮೀನು ಬಹಳ, ಮಾತು ಅದಕ್ಕಿಂತ ಬಹಳ.

"ಮಾಸ್ತರ, ಈ ಎಂಬತ್ತಕ್ಕ ಎಂಬತ್ತು ನೀವು ಕೊಟ್ಟದ್ದೇನು?"

"ನಾ ಕೊಟ್ಟದ್ದಲ್ರಿ ಆಯಿ. ಆಕಿ ಗಳಿಸಿದ್ದು."

"ಗಳಿಸಿದ್ದು ಖರೆ. ತಿಳದದ್ದು ಎಷ್ಟು?"

ನನ್ನ ಬಿ.ಎಡ್. ಪದವಿಯಲ್ಲಿ ಈ ಪ್ರಶ್ನೆಗೆ ಒಂದು ಅಧ್ಯಾಯವೇ ಇತ್ತು. ಆ ಹೊತ್ತಿಗೆ ಅದರ ಒಂದು ಸಾಲೂ ನೆರವಿಗೆ ಬರಲಿಲ್ಲ.

ವಿಷಯ ಇಷ್ಟು. ಹುಡುಗಿಗೆ ಹತ್ತನೆಯದಾದ ಮೇಲೆ ಗದಗಿನಲ್ಲಿ ವಿಜ್ಞಾನ ಓದಬೇಕೆಂಬ ಆಸೆ. ಅಪ್ಪನನ್ನು ಕೇಳಿದರೆ, ಅವ್ವ ಹೂಂ ಅಂದರೆ ಹೂಂ ಎಂದು ಕೈತೊಳೆದುಕೊಂಡಿದ್ದ. ಅವ್ವ ಎಂದರೆ ಈ ಆಯಿ. ಆಯಿ ಅಂಕಗಳನ್ನು ನಂಬುವವರಲ್ಲ.

"ಆಕಿ ಒಂದು ಲೆಕ್ಕ ನನಗ ತಿಳಿಯೂ ಹಂಗ ಬಿಡಿಸಿ ಹೇಳ್ಲಿ. ಹೇಳಿದ್ಲಂದ್ರ ಗದಗಿಗೆ ಕಳಸ್ತೇನಿ. ಬಾಯಿಪಾಠ ಮಾಡೂದಾದ್ರ ಗದಗ್ಯಾಕ, ನಮ್ಮ ಪಡಸಾಲ್ಯಾಗ ಕುಂತು ಮಾಡ್ಲಿ."

ನಮ್ಮ ಸೀಮೆಯಲ್ಲಿ ಬಿಡಿಸುವುದು ಬಲು ದೊಡ್ಡ ಕ್ರಿಯಾಪದ. ಹೊಲದಲ್ಲಿ ಹತ್ತಿ ಬಿಡಿಸುತ್ತಾರೆ, ಹಲಗೆಯ ಮೇಲೆ ಲೆಕ್ಕ ಬಿಡಿಸುತ್ತಾರೆ, ಮನಸ್ಸಿಗೆ ಬಂದರೆ ಹೆಣ್ಣುಮಕ್ಕಳನ್ನು ಶಾಲೆಯನ್ನೇ ಬಿಡಿಸುತ್ತಾರೆ. ಆಯಿ ಮೂರನೆಯದರ ಹೊಸ್ತಿಲಲ್ಲಿ ನಿಂತು ಎರಡನೆಯದನ್ನು ಕೇಳುತ್ತಿದ್ದರು.

ಹುಡುಗಿಯನ್ನು ಕರೆಸಿದೆ. ಆಕೆ ತನಗೆ ಅತಿ ಚೆನ್ನಾಗಿ ಬರುವ ಪ್ರಮೇಯದ ಸಾಧನೆಯನ್ನೇ ಆರಿಸಿಕೊಂಡಳು: ಎರಡರ ವರ್ಗಮೂಲವನ್ನು ಎರಡು ಪೂರ್ಣಸಂಖ್ಯೆಗಳ ಭಿನ್ನರಾಶಿಯಾಗಿ ಬರೆಯಲಾಗದು ಎಂಬುದು. ಕಣ್ಣು ಮುಚ್ಚಿ, ಮಂಗಳಾರತಿಯ ವೇಗದಲ್ಲಿ, ಒಂದು ಅಕ್ಷರ ತಪ್ಪದೆ ಒಪ್ಪಿಸಿದಳು. ನನಗೆ ಹೆಮ್ಮೆಯಾಯಿತು.

"ಯಾಕ?" ಎಂದರು ಆಯಿ.

ಹುಡುಗಿ ಕಣ್ಣು ತೆರೆದಳು. "ಯಾಕ ಅಂದ್ರ... ಪುಸ್ತಕದಾಗ ಹಂಗ ಐತಿ."

"ಪಂಚಾಂಗದಾಗೂ ಮಳಿ ಐತಿ," ಎಂದು ಆಯಿ ಎದ್ದರು. ಬಾಗಿಲಲ್ಲಿ ತಿರುಗಿ, "ಅಮಾಸಿ ದಿನ ಹೊಲದ ಕೆಲಸ ಇರೂದಿಲ್ಲ. ಸಂಜಿಕ ಮನಿಗೆ ಬರ್ರಿ. ಇನ್ನೊಮ್ಮೆ ಕೇಳ್ತೇನಿ," ಎಂದರು. ಮರುಪರೀಕ್ಷೆಗೆ ಅವಕಾಶ ಕೊಡುವುದರಲ್ಲಿ ಅವರು ಇಲಾಖೆಗಿಂತ ಉದಾರಿ.

ಹುಡುಗಿ ಅಲ್ಲೇ ನಿಂತಿದ್ದಳು. "ಸರ, ಆಯಿ ಗಣಿತ ಕಲಿತಿಲ್ಲ. ಆಕಿಗೆ ನಾ ಏನ್ ಹೇಳ್ಲಿ?" ಎಂದಳು. ನಾನು, ಯೋಚಿಸೋಣ ಎಂದೆ. ಮಾಸ್ತರರು ಏನೂ ತೋಚದಾಗ ಹೇಳುವ ಮಾತು ಅದು.

ಹಿಂದೊಮ್ಮೆ ಗದಗಿನ ತರಬೇತಿಯಲ್ಲಿ ನಾವು 'ರೂಪಣಾತ್ಮಕ ಮೌಲ್ಯಮಾಪನ' ಎಂದು ದೊಡ್ಡ ಹಾಳೆಯ ಮೇಲೆ ಬಣ್ಣಬಣ್ಣದ ಸ್ಕೆಚ್ ಪೆನ್ನಿನಲ್ಲಿ ಬರೆದು, ಗೋಡೆಗೆ ಅಂಟಿಸಿ, ಚಹಾ ಕುಡಿದು ಬಂದಿದ್ದೆವು. ಕಲಿಯುತ್ತಿರುವಾಗಲೇ ಕೇಳಿ ನೋಡು, ಕೇಳಿ ತಿದ್ದು ಎಂದಷ್ಟೇ ಅದರ ಅರ್ಥ. ಶಬ್ದ ಗೋಡೆಯ ಮೇಲೇ ಉಳಿದಿತ್ತು. ಆಯಿ ಅದನ್ನು ಕಿತ್ತು ಕೈಗೆ ಕೊಟ್ಟಂತಾಯಿತು. ಮರುದಿನದಿಂದ ತರಗತಿಯಲ್ಲಿ ಇಬ್ಬಿಬ್ಬರನ್ನು ಕೂಡಿಸಿದೆ. ಒಬ್ಬರು ಲೆಕ್ಕ ಬಿಡಿಸಿ ಹೇಳಬೇಕು, ಇನ್ನೊಬ್ಬರು ಆಯಿ. ಆಯಿಗೆ ಇದ್ದ ಅಧಿಕಾರ ಒಂದೇ: 'ಯಾಕ?' ಎನ್ನುವುದು. ಮಕ್ಕಳು ಹೆಗಲ ಮೇಲಿನ ಓಢಣಿ, ಕರವಸ್ತ್ರ ಏನು ಸಿಕ್ಕರೂ ತಲೆಯ ಮೇಲೆ ಹೊದ್ದು ಆಯಿಯಾದರು.

"ಲೇ, ಇವತ್ತ ನಾ ಆಯಿ."

"ನಿನ್ನೆನೂ ನೀನ ಆಗಿದ್ದಿ. ನಿನಗ ಹೇಳಾಕ ಬರೂದಿಲ್ಲ, ಅದಕ್ಕ ಕೇಳಾಕ ಕುಂಡ್ರತಿ."

ಇಷ್ಟು ಗದ್ದಲದ ಗಣಿತ ನಮ್ಮ ಶಾಲೆಯಲ್ಲಿ ಹಿಂದೆ ಆಗಿರಲಿಲ್ಲ. ಮುಖ್ಯೋಪಾಧ್ಯಾಯರು ಎರಡು ಸಲ ಕಿಟಕಿಯಲ್ಲಿ ಇಣುಕಿ, ನಾನು ಒಳಗಿದ್ದೇನೆಂದು ಖಾತ್ರಿ ಮಾಡಿಕೊಂಡು ಹೋದರು. ನಿಜವಾದ ಆಯಿಯ ಮೊಮ್ಮಗಳು ಮಾತ್ರ ದಿನಕ್ಕೊಬ್ಬ ಆಯಿಯ ಕೈಯಲ್ಲಿ ಸಿಕ್ಕು, 'ಅಂಥ ಭಿನ್ನರಾಶಿ ಇದೆಯೆಂದು ಭಾವಿಸೋಣ' ಎಂಬ ಮೊದಲ ಸಾಲಿಗೇ ಬಂದು ನಿಲ್ಲುತ್ತಿದ್ದಳು. "ಸುಳ್ಳಂತ ಗೊತ್ತಿದ್ರೂ ಮೊದಲ ಖರೆ ಅಂತ ಯಾಕ ಒಪ್ಕೋಬೇಕ್ರಿ ಸರ?" ನಾನು ಉತ್ತರಿಸಿದೆ. ಉತ್ತರ ಪುಸ್ತಕದ್ದೇ ಆಗಿತ್ತು. ಅದು ಆಕೆಯ ಮುಖದಲ್ಲಿ ಕಂಡಿತು.

ಅಮಾವಾಸ್ಯೆಯ ಸಂಜೆ ಪಡಸಾಲೆಯಲ್ಲಿ ಆಯಿ ಮೊರದಲ್ಲಿ ಶೇಂಗಾ ಕಾಳು ಹಾಕಿಕೊಂಡು ಕೂತಿದ್ದರು. ನನಗೂ ಸಾಕ್ಷಿಯ ಸ್ಥಾನದಲ್ಲಿ ಒಂದು ಕುರ್ಚಿ. ಹುಡುಗಿ ಎದುರಿಗೆ ಕೂತು, ಪುಸ್ತಕವನ್ನು ದೂರ ಸರಿಸಿದಳು.

"ಆಯಿ, ಒಬ್ಬಾಂವ ಒಂದು ಸಂಬಂಧ ತಂದಾನ. ಗಂಡು ಒಂದು ಸಂಖ್ಯೆ, ಹೆಣ್ಣು ಒಂದು ಸಂಖ್ಯೆ. ಇಬ್ಬರ ಬೆಡಗೂ ಬ್ಯಾರೆ ಬ್ಯಾರೆ, ಗಂಡನ್ನ ಹೆಣ್ಣಿನಿಂದ ಭಾಗಿಸಿದ್ರ ಎರಡರ ವರ್ಗಮೂಲ, ಅಂದ್ರ ತನ್ನಿಂದ ತಾನ ಗುಣಿಸಿದ್ರ ಎರಡಾಗೂದು, ಬರತೈತಿ ಅಂತಾನ. ಅಂವ ಸುಳ್ಳಾ ಅಂತ ನಿನಗ ಸಂಶೆ. ಏನ್ ಮಾಡ್ತಿ?"

ಬೆಡಗು ಎಂದರೆ ಗೋತ್ರದ ಹಾಗೆ; ನಮ್ಮಲ್ಲಿ ಒಂದೇ ಬೆಡಗಿನವರೆಂದರೆ ಅಣ್ಣತಂಗಿಯರಿದ್ದಂತೆ, ಮದುವೆ ಕೂಡದು. ಆಯಿಯ ಕೈ ಮೊರದಲ್ಲಿ ನಿಂತಿತು.

"ಹೊರಗ ಹಾಕತೇನಿ."

"ಹಾಕಿದ್ರ ಅಂವ ಊರತುಂಬ ಇದ ಮಾತು ಹೇಳ್ತಾನ. ನೀ ಹಂಗ ಮಾಡೂದಿಲ್ಲ."

"ಖರೆ. ಹೌದಪ್ಪಾ ಅಂತ ಚಾ ಕೊಟ್ಟು ಮನಿತನ ವಿಚಾರಸ್ತೇನಿ. ಮಾತಾಡಕೋತ ತಾನ ಸಿಗತಾನ."

"ಹಂಗ ಮಾಡೂಣು." ಹುಡುಗಿ ಮೊರದಿಂದ ಕಾಳು ತೆಗೆದು ನೆಲದ ಮೇಲೆ ಇಟ್ಟಳು. ಮೂರು ಸಾಲು, ಸಾಲಿಗೆ ಮೂರು. ಜೋಡಿ ಮಾಡಿದರೆ ಒಂದು ಉಳಿಯಿತು. ನಾಲ್ಕು ಸಾಲು, ಸಾಲಿಗೆ ನಾಲ್ಕು, ಏನೂ ಉಳಿಯಲಿಲ್ಲ. ಒಂದು ಸಂಖ್ಯೆಯನ್ನು ಅದರಿಂದಲೇ ಗುಣಿಸಿದಾಗ ಒಂದೂ ಉಳಿಯದೆ ಜೋಡಿ ಕೂಡಬೇಕಾದರೆ ಆ ಸಂಖ್ಯೆಯೇ ಎರಡರ ಬೆಡಗಿನದು, ಎಂದರೆ ಸಮಸಂಖ್ಯೆ, ಆಗಿರಬೇಕು ಎಂದಳು. ಅವನ ಲೆಕ್ಕದ ಪ್ರಕಾರ ಗಂಡನ್ನು ಗಂಡಿನಿಂದ ಗುಣಿಸಿದ್ದು, ಹೆಣ್ಣನ್ನು ಹೆಣ್ಣಿನಿಂದ ಗುಣಿಸಿದ್ದರ ಎರಡು ಪಟ್ಟು. ಹಾಗಾದರೆ ಗಂಡಿನ ಬೆಡಗು ಎರಡು. ಅಲ್ಲಿಂದ ಕೆದಕುತ್ತ ಹೋದರೆ, ಗಂಡನ್ನು ಗಂಡಿನಿಂದ ಗುಣಿಸಿದ್ದು ನಾಲ್ಕರ ಪಟ್ಟು, ಅದರ ಅರ್ಧವಾದ ಹೆಣ್ಣಿನ ಗುಣಲಬ್ಧವೂ ಜೋಡಿ ಕೂಡುತ್ತದೆ, ಆದ್ದರಿಂದ ಹೆಣ್ಣಿನ ಬೆಡಗೂ ಎರಡು. ಪ್ರತಿ ಮೆಟ್ಟಿಲಿಗೂ ಆಯಿ 'ಯಾಕ?' ಎಂದರು, ಪ್ರತಿ ಸಲವೂ ಕಾಳು ಸರಿದವು.

"ಒಂದ ಬೆಡಗು," ಎಂದರು ಆಯಿ ನಿಧಾನವಾಗಿ. "ಮಗ ಸುಳ್ಳ ಹೇಳ್ಯಾನ."

"ಹೂಂ. ಯಾವ ಜೋಡಿ ತಂದ್ರೂ ಹಿಂಗ ಆಕೈತಿ."

"ಹಂಗಾದ್ರ ಆ ವರ್ಗಮೂಲಕ್ಕ ಜೋಡಿನ ಇಲ್ಲ?"

"ಇಲ್ಲ."

"ಜೋಡಿ ಇಲ್ದ ಅದು ಇರೂದಾದ್ರೂ ಹೆಂಗ?"

ಈ ಪ್ರಶ್ನೆ ನಮ್ಮ ಪಠ್ಯದಲ್ಲಿರಲಿಲ್ಲ. ಹುಡುಗಿ ನೆಲದ ಚೌಕಾಕಾರದ ಕಡಪಾ ಕಲ್ಲಿನ ಮೇಲೆ, ಒಂದು ಮೂಲೆಯಿಂದ ಎದುರಿನ ಮೂಲೆಗೆ ಬೆರಳೆಳೆದಳು. "ಈ ಕಲ್ಲಿನ ಅಂಚು ಒಂದು ಅಂತ ಹಿಡಿ. ಹಿಂಗ ಅಡ್ಡ ಅಳದ್ರ ಅದ ಬರತೈತಿ. ಯಾರ ಜೋಡಿನೂ ಬೇಕಾಗಿಲ್ಲ ಆಯಿ, ತನ್ನ ಜಾಗಾದಾಗ ಗಟ್ಟಿ ಐತಿ."

ಆಯಿ ಆ ಕಲ್ಲಿನ ಮೇಲೆ ತಾವೂ ಮೂಲೆಯಿಂದ ಮೂಲೆಗೆ ಬೆರಳೆಳೆದರು. ಆಮೇಲೆ ನನ್ನ ಕಡೆ ತಿರುಗಿದರು.

"ಮಾಸ್ತರ, ಇದನ್ನ ನೀವು ಹೇಳಿಕೊಟ್ಟದ್ದೇನು?"

"ಇಲ್ರಿ ಆಯಿ. ಸಂಬಂಧದ ಸುದ್ದಿ ನಾನೂ ಈಗ ಕೇಳಿದ್ದು." ಇಷ್ಟು ಸಂತೋಷದಿಂದ 'ಇಲ್ಲ' ಎಂದದ್ದು ನನಗೆ ನೆನಪಿಲ್ಲ. ಇವತ್ತಿಗೂ ತರಗತಿಯಲ್ಲಿ 'ತಿಳೀತೇನು?' ಎಂದು ಕೇಳಿ, 'ಹೌದ್ರಿ ಸರ' ಎಂಬ ಮೇಳಗೀತ ಕೇಳಿಸಿಕೊಂಡು ಹಲಗೆ ಒರೆಸುವುದನ್ನು ನಾನು ಬಿಟ್ಟಿದ್ದರೆ, ಆ ಉಪಕಾರ ಆ ಪಡಸಾಲೆಯ ಇಬ್ಬರದು.

"ಗದಗಿನ್ಯಾಗ ಇದರ ಮುಂದಿಂದು ಹೇಳಿಕೊಡ್ತಾರೇನು?"

"ಹೇಳಿಕೊಡ್ತಾರ್ರಿ. ಇನ್ನೂ ಭಾಳ ಐತಿ."

"ಹಂಗಾದ್ರ ಹೋಗ್ಲಿ," ಎಂದು ಆಯಿ ನೆಲದ ಮೇಲಿನ ಕಾಳುಗಳನ್ನು ಮೊರಕ್ಕೆ ಬಳಿದುಕೊಂಡರು. "ಐತ್ವಾರಕ್ಕೊಮ್ಮೆ ಬಂದು ನನಗೂ ಹೇಳ್ಲಿ. ನನಗ ತಿಳೀಲಾರದ್ದು ಭಾಳ ಉಳದೈತಿ."