ಕಣಗಲಾದ ಹಳ್ಳದಲ್ಲಿ ಮರಿಚಿಪ್ಪು

ನನ್ನ ಅಜ್ಜ ಸತ್ಯಪ್ಪ ಮಹಾ ಹಟಮಾರಿ. ಮೇಲವಂಕಿಯ ಹೊಳೆಯಲ್ಲಿ ಕಪ್ಪೆಚಿಪ್ಪು ಆಯ್ದು, ಸುಟ್ಟು, ಸುಣ್ಣ ಮಾರುತ್ತಿದ್ದವನು. ಮಗಳಿಗೆ ಮಕ್ಕಳಾಗುವ ತನಕ ಅವಳ ಮನೆಯಲ್ಲಿ ತವರಿನವರು ಅನ್ನ ನೀರು ಮುಟ್ಟಬಾರದೆಂಬುದು ನಮ್ಮ ಮನೆತನದ ಪದ್ಧತಿ. ಉಳಿದವರು ಎರಡು ವರ್ಷ ಕಾದು, ಏನೋ ನೆಪ ಹೇಳಿ ಉಂಡುಬಿಡುತ್ತಿದ್ದರು. ಅಜ್ಜ ಅಂಥವನಲ್ಲ.

ಸಾವಿರದ ಒಂಬೈನೂರ ಹತ್ತೊಂಬತ್ತರಲ್ಲಿ ಕಣಗಲಾಕ್ಕೆ ಕೊಟ್ಟ ಅವನ ಮಗಳು, ನನ್ನ ಯಮನವ್ವ ಅತ್ತೆಗೆ ಮಕ್ಕಳಾಗಲಿಲ್ಲ. ಪ್ರತಿ ಪಂಚಮಿಗೆ ಅವಳನ್ನು ಕರೆಯಲು ಹೋದ ಅಜ್ಜ ಕಟ್ಟೆಯ ಮೇಲೆ ಕುಳಿತು ತಾನು ತಂದ ಬುತ್ತಿಯನ್ನೇ ಉಣ್ಣುತ್ತಿದ್ದ. ಒಳಗೆ ಹೋಳಿಗೆ ಮಾಡಿಟ್ಟ ಮಗಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಇಂಥ ಪದ್ಧತಿ ಮಾಡಿದವರ ಬಾಯಿಗೆ ಮಣ್ಣು ಹಾಕಬೇಕು.

ಆರನೆಯ ವರ್ಷ, ತವರಿನದೇನಾದರೂ ಹತ್ತಿರವಿರಲಿ ಎಂದು, ಅತ್ತೆ ಒದ್ದೆ ಗೋಣಿಯಲ್ಲಿ ನಲವತ್ತು ಜೀವಂತ ಚಿಪ್ಪು ಕಟ್ಟಿಕೊಂಡು ಹೊರಟಳು, ಗಂಡನ ಊರ ಹಳ್ಳದ ಮಡುವಿಗೆ ಬಿಡಲು. ಅಜ್ಜ ನಕ್ಕ.

“ಅಲ್ಲಿ ಇವು ಮರಿ ಹಾಕಿದ್ರ ನಿನ್ನ ಕೈಲೆ ಉಣ್ತೀನವಾ.”

ತಮಾಷೆಯ ಮಾತು. ಅತ್ತೆ ಅದನ್ನೇ ಸೆರಗಿಗೆ ಗಂಟು ಹಾಕಿಕೊಂಡಳು.

ಚಿಪ್ಪುಗಳು ಬದುಕಿದವು. ವರ್ಷಕ್ಕೊಂದರಂತೆ ಬೆನ್ನ ಮೇಲೆ ಗೆರೆ ಬಿತ್ತು. ಪ್ರತಿ ಬೇಸಿಗೆ ಕೆಸರಿಗೆ ಕೈ ಹಾಕಿದರೆ ಸಿಗುವುದು ಅವೇ ಮುದಿ ಚಿಪ್ಪು, ಎರಡು ಮೂರು ಸತ್ತು ಬಾಯಿ ತೆರೆದಿರುತ್ತಿದ್ದವು. ಗೆರೆ ಬೀಳದ ಮರಿ ಒಂದೂ ಇಲ್ಲ. ಗಂಡ ರಾಜಪ್ಪ ಸುಡಲು ಕೇಳಿದರೆ ಕೊಡಲಿಲ್ಲ.

“ಮರಿ ಕಾಣದ ಮಡುವಿಗೆ ಬುಟ್ಟಿ ಇಳಸಬಾರದ್ರಿ,” ಎಂದು ಚಿಪ್ಪು ಆಯುವವರ ನೇಮ ಹೇಳಿದಳು.

ಎಂಟು ವರ್ಷವಾದ ಮೇಲೆ ತವರಿನ ಹಿರಿಯರ ಮಾತೊಂದು ನೆನಪಾಯಿತು: ಮೀನು ಏರಿದ ನೀರಿನಲ್ಲೇ ಮರಿಚಿಪ್ಪು. ಚಿಪ್ಪಿನ ಮರಿ ಮೊದಲು ಮೀನಿನ ಮೈಗೆ ಅಂಟಿಯೇ ಬೆಳೆಯುವುದಂತೆ. ಆ ಮಡುವಿನಲ್ಲಿ ಮೀನೇ ಇರಲಿಲ್ಲ! ಹೊಳೆದಂಡೆಯ ಮಗಳು ಚಿಪ್ಪು ತಂದು ಮೀನು ಮರೆತಿದ್ದಳು. ಆ ಮಳೆಗಾಲದಲ್ಲಿ ಹೊಳೆಯಿಂದ ಕೊಡಗಟ್ಟಲೆ ಮೀನು ಹೊತ್ತು ತಂದು ಬಿಟ್ಟಳು.

ಎರಡನೆಯ ಬೇಸಿಗೆಗೆ ಉಗುರಿನಷ್ಟು ಮರಿ ಸಿಕ್ಕಿತು. ಅಷ್ಟರಲ್ಲಿ ಅಜ್ಜ ಹಾಸಿಗೆ ಹಿಡಿದಿದ್ದ. ಕಣಗಲಾಕ್ಕೆ ಹೋಗುವುದು ಇನ್ನು ಆಗದ ಮಾತು. ಅತ್ತೆ ತನ್ನ ಒಲೆಯ ರೊಟ್ಟಿ, ಶೇಂಗಾ ಚಟ್ನಿ, ಜೊತೆಗೆ ಆ ಮರಿಯನ್ನೂ ಕಟ್ಟಿಕೊಂಡು ಮೇಲವಂಕಿಗೆ ಬಂದಳು. ಕಣ್ಣು ಮಂಜಾಗಿದ್ದ ಅಜ್ಜ ಮರಿಯನ್ನು ಹೆಬ್ಬೆರಳಿನಿಂದ ಸವರಿ ಗೆರೆ ಹುಡುಕಿದ.

“ಎಲ್ಲೀದವಾ ಇದು?”

“ನಮ್ಮ ಹಳ್ಳದ್ದಪ್ಪಾ.”

ಅಜ್ಜ ಕೈ ಚಾಚಿದ. ಒಣಗಿದ ರೊಟ್ಟಿಯನ್ನು ಅವಳು ನೀರಲ್ಲಿ ನೆನೆಸಿ ಕೊಟ್ಟಳು. ಉಂಡ.

“ಚಟ್ನಿಗಿ ಉಪ್ಪ ಭಾಳ ಆಗೇತಿ,” ಎಂದ.

“ನಮ್ಮನ್ಯಾಗ ಕುಂತು ಈ ಮಾತ ಅಂದಿದ್ದರ...” ಎಂದಳು ಅತ್ತೆ. ಇನ್ನೊಂದು ರೊಟ್ಟಿಯನ್ನು ನೀರಿಗೆ ಹಾಕಿದಳು.